ವೃತ್ತಿ ಪುನರ್ವಸತಿ: ಈ ಅಂಕಗಳು ಅಳೆಯುವುದೇನನ್ನು?

ತರಕಾರಿ ಅಂಗಡಿಯ ತಕ್ಕಡಿಯ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವುದನ್ನು ನೀವು ಗಮನಿಸಿರಬಹುದು. ಆ ಮುದ್ರೆಗೆ ಒಂದು ಅವಧಿಯಿದೆ. ಅವಧಿ ಮುಗಿದಾಗ ತಕ್ಕಡಿ ಮತ್ತೆ ತಪಾಸಣೆಗೆ ಒಳಗಾಗಬೇಕು. ತಪಾಸಣೆಯ ಅಧಿಕಾರಿ ಏನು ಮಾಡುತ್ತಾರೆ? ಪ್ರಮಾಣಿತ ತೂಕದ ಬಟ್ಟನ್ನು ತಟ್ಟೆಯಲ್ಲಿಟ್ಟು, ತಕ್ಕಡಿ ತೋರಿಸುವ ತೂಕ ಸರಿಯಿದೆಯೇ ಎಂದು ನೋಡುತ್ತಾರೆ. ಕಳೆದ ವರ್ಷ ಈ ತಕ್ಕಡಿ ಎಷ್ಟು ಗಂಟೆ ಅಂಗಡಿಯಲ್ಲಿತ್ತು ಎಂದು ಕೇಳುವುದಿಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ ನಾವು ಎರಡನೆಯ ಪ್ರಶ್ನೆಯನ್ನೇ ಹೆಚ್ಚಾಗಿ ಕೇಳುತ್ತೇವೆ. ಎಷ್ಟು ಗಂಟೆ ಕುಳಿತಿದ್ದಿರಿ? ಸಹಿ ಹಾಕಿದಿರಾ? ಪ್ರಮಾಣಪತ್ರ ಎಲ್ಲಿ? ವೃತ್ತಿ ಪುನರ್ವಸತಿ ಕ್ಷೇತ್ರದಲ್ಲಿ ನೋಂದಣಿ ಮತ್ತು ನಿರಂತರ ಶಿಕ್ಷಣದ ವ್ಯವಸ್ಥೆ ಹೇಗೆ ನಡೆದಿದೆ ಎಂಬುದನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಾನು ಭೌತವಿಜ್ಞಾನದ ಅಧ್ಯಾಪಕ, ಪುನರ್ವಸತಿ ತಜ್ಞನಲ್ಲ. ಆದರೆ ಅಳತೆ ಎಂದರೇನು ಎಂದು ಕೇಳುವುದು ನಮ್ಮ ಶಾಸ್ತ್ರದ ಕಸುಬು.

ವೃತ್ತಿ ಪುನರ್ವಸತಿ ಎಂದರೇನು?

ಹುಟ್ಟಿನಿಂದಲೋ, ಅಪಘಾತ ಅಥವಾ ಕಾಯಿಲೆಯಿಂದಲೋ ದೇಹದ ಅಥವಾ ಮನಸ್ಸಿನ ಶಕ್ತಿ ಕುಂದಿದ ವ್ಯಕ್ತಿಗೆ ತಕ್ಕ ಕೆಲಸ ಹುಡುಕಿಕೊಡುವುದು, ಅದಕ್ಕೆ ಬೇಕಾದ ತರಬೇತಿ ಕೊಡುವುದು, ಕೆಲಸದ ಜಾಗವನ್ನು ಆ ವ್ಯಕ್ತಿಗೆ ಹೊಂದಿಸುವುದು, ಆ ಕೆಲಸದಲ್ಲಿ ಆತ ನಿಲ್ಲುವಂತೆ ನೋಡಿಕೊಳ್ಳುವುದು, ಇವೆಲ್ಲ ಸೇರಿ ವೃತ್ತಿ ಪುನರ್ವಸತಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1983ರಲ್ಲಿ ಅಂಗೀಕರಿಸಿದ 159ನೆಯ ಒಡಂಬಡಿಕೆಯು ಈ ಕೆಲಸಕ್ಕೆ ತರಬೇತಿ ಪಡೆದ ಸಲಹೆಗಾರರು ಇರಬೇಕೆಂದು ಹೇಳುತ್ತದೆ. ನಮ್ಮಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯದ ವೃತ್ತಿ ಪುನರ್ವಸತಿ ಕೇಂದ್ರಗಳು 1968ರಲ್ಲಿ ಮುಂಬಯಿ ಮತ್ತು ಹೈದರಾಬಾದುಗಳಲ್ಲಿ ಆರಂಭವಾದವು. ಮುಂದೆ ಬೆಂಗಳೂರಿಗೂ ಒಂದು ಬಂದಿತು.

2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಕರ್ನಾಟಕದಲ್ಲಿ ಅವರ ಸಂಖ್ಯೆ 13 ಲಕ್ಷಕ್ಕೂ ಹೆಚ್ಚು. ಇವರಲ್ಲಿ ದುಡಿಯುವ ವಯಸ್ಸಿನ ಒಬ್ಬರ ಮುಂದೆ ಕುಳಿತು 'ನೀವು ಇದನ್ನು ಮಾಡಬಲ್ಲಿರಿ, ಅದನ್ನು ಮಾಡಲಾರಿರಿ' ಎನ್ನುವ ಸಲಹೆಗಾರರ ಒಂದು ಮಾತಿನಿಂದ ಒಂದು ಇಡೀ ಬದುಕಿನ ದಿಕ್ಕು ಬದಲಾಗಬಹುದು.

ಕಾನೂನು ಮಾಡಿದ ಉಪಕಾರ

ಮೊದಲು ಸಲ್ಲಬೇಕಾದುದನ್ನು ಸಲ್ಲಿಸೋಣ. 1986ರಲ್ಲಿ ನೋಂದಾಯಿತ ಸಂಘವಾಗಿ ಹುಟ್ಟಿದ ಭಾರತೀಯ ಪುನರ್ವಸತಿ ಪರಿಷತ್ತಿಗೆ 1992ರ ಅಧಿನಿಯಮವು ಶಾಸನದ ಬಲ ಕೊಟ್ಟಿತು. 1993ರ ಜೂನ್ 22ರಿಂದ ಅದು ಜಾರಿಯಲ್ಲಿದೆ. ಶ್ರವಣ ತಜ್ಞರು, ವಿಶೇಷ ಶಿಕ್ಷಕರು, ಕೃತಕ ಅಂಗ ತಯಾರಕರು ಮೊದಲಾದವರ ಜೊತೆಗೆ ವೃತ್ತಿ ಸಲಹೆಗಾರರು, ಉದ್ಯೋಗಾಧಿಕಾರಿಗಳು ಮತ್ತು ನೇಮಕಾತಿ ಅಧಿಕಾರಿಗಳನ್ನೂ ಈ ಕಾನೂನು ವೃತ್ತಿಪರರೆಂದು ಹೆಸರಿಸುತ್ತದೆ. ಪರಿಷತ್ತು ಮಾನ್ಯ ಮಾಡಿದ ವಿದ್ಯಾರ್ಹತೆ ಇದ್ದವರ ಹೆಸರು ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಸೇರುತ್ತದೆ. ನೋಂದಣಿ ಇಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಈ ಕಾನೂನು ಬರುವ ಮೊದಲು ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದಾಗಿತ್ತು. ಆ ಅರಾಜಕತೆಗೆ ಒಂದು ಬೇಲಿ ಬಿದ್ದುದು ಸಣ್ಣ ಸಂಗತಿಯಲ್ಲ.

ನೋಂದಣಿಯ ಅವಧಿ ಐದು ವರ್ಷ. ನವೀಕರಣಕ್ಕೆ ನಿರಂತರ ಪುನರ್ವಸತಿ ಶಿಕ್ಷಣದ ನಿಗದಿತ ಅಂಕಗಳನ್ನು ಗಳಿಸಿರಬೇಕು. ಅಂಕದ ಲೆಕ್ಕ ಸರಳ. ಒಂದು ದಿನದ ಕಾರ್ಯಾಗಾರಕ್ಕೆ 6 ಅಂಕ, ಮೂರು ದಿನಕ್ಕೆ 18. ಅಂದರೆ ಸುಮಾರಾಗಿ ಒಂದು ಗಂಟೆಗೆ ಒಂದು ಅಂಕ. ಓದು ಮುಗಿಸಿದವರು ಓದು ನಿಲ್ಲಿಸಬಾರದು ಎಂಬ ಆಶಯ ನೂರಕ್ಕೆ ನೂರು ಸರಿ. ನನ್ನ ತಕರಾರಿರುವುದು ಅಳತೆಗೋಲಿನ ಬಗ್ಗೆ.

ಗೋಡೆ ತಳ್ಳಿದವನ ಬೆವರು

ಭೌತವಿಜ್ಞಾನದಲ್ಲಿ 'ಕೆಲಸ' ಎಂಬ ಪದಕ್ಕೆ ಖಚಿತ ಅರ್ಥವಿದೆ. ಬಲ ಪ್ರಯೋಗಿಸಿದಾಗ ವಸ್ತು ಆ ಬಲದ ದಿಕ್ಕಿನಲ್ಲಿ ಸರಿದರೆ ಮಾತ್ರ ಕೆಲಸವಾಯಿತು. ಒಬ್ಬ ಬೆಳಗಿನಿಂದ ಸಂಜೆಯವರೆಗೆ ಗೋಡೆಯನ್ನು ತಳ್ಳಿ ಬೆವರು ಸುರಿಸಬಹುದು. ಗೋಡೆ ಅಲುಗದಿದ್ದರೆ ಅದರ ಮೇಲೆ ನಡೆದ ಕೆಲಸ ಸೊನ್ನೆ. ಗಂಟೆಗೊಂದು ಅಂಕ ಎನ್ನುವ ಪದ್ಧತಿ ಬೆವರನ್ನು ಅಳೆಯುತ್ತದೆ, ಸ್ಥಾನಪಲ್ಲಟವನ್ನಲ್ಲ.

ಇದು ಬರೀ ಹೋಲಿಕೆಯ ಮಾತಲ್ಲ. ಟೊರಾಂಟೊದ ಡೇವ್ ಡೇವಿಸ್ ಮತ್ತು ಸಂಗಡಿಗರು ವೈದ್ಯರ ನಿರಂತರ ಶಿಕ್ಷಣದ ಬಗ್ಗೆ ನಡೆದ 14 ನಿಯಂತ್ರಿತ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೇವಲ ಉಪನ್ಯಾಸ ಕೇಳಿದ ವೈದ್ಯರ ಚಿಕಿತ್ಸಾಕ್ರಮದಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಚರ್ಚೆ, ಕೈಯಾರೆ ಅಭ್ಯಾಸ ಇದ್ದ ಶಿಬಿರಗಳು ಬದಲಾವಣೆ ತಂದವು. ಅದು ವೈದ್ಯರ ಕಥೆ, ವೃತ್ತಿ ಸಲಹೆಗಾರರದಲ್ಲ, ನಿಜ. ಆದರೆ ಕುರ್ಚಿಯಲ್ಲಿ ಕುಳಿತು ಕೇಳುವ ಮನುಷ್ಯನ ಸ್ವಭಾವ ವೃತ್ತಿಯಿಂದ ವೃತ್ತಿಗೆ ತೀರಾ ಬೇರೆಯಾಗಿರುವುದೆಂದು ನಂಬಲು ಕಾರಣವಿಲ್ಲ.

ಅಧ್ಯಾಪಕರಾದ ನಾವೇನೂ ಇದಕ್ಕೆ ಹೊರತಲ್ಲ. ಬಡ್ತಿಗಾಗಿ ಮೂರು ವಾರಗಳ ಪುನಶ್ಚೇತನ ಶಿಬಿರಗಳಿಗೆ ನಾನೂ ಹೋಗಿದ್ದೇನೆ. ಹಾಜರಿ ಪುಸ್ತಕದಲ್ಲಿ ನನ್ನ ಸಹಿಗಳೆಲ್ಲ ಸರಿಯಾಗಿಯೇ ಇವೆ. ಅಲ್ಲಿ ಕೇಳಿದ್ದರಲ್ಲಿ ಎಷ್ಟು ನನ್ನ ತರಗತಿಗೆ ಬಂದಿತು ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಅರಿವಿನ ಅರ್ಧಾಯು

ವಿಕಿರಣಶೀಲ ಧಾತುಗಳಿಗೆ ಅರ್ಧಾಯು ಇರುವಂತೆ ಅರಿವಿಗೂ ಒಂದು ಅರ್ಧಾಯು ಇದೆ ಎಂದಿಟ್ಟುಕೊಳ್ಳಿ. ಎಲ್ಲ ಅರಿವಿನದೂ ಒಂದೇ ಅಲ್ಲ. ಮೊಣಕಾಲಿನ ಕೀಲಿನ ರಚನೆ ಐವತ್ತು ವರ್ಷಗಳ ಹಿಂದೆ ಇದ್ದಂತೆಯೇ ಇಂದೂ ಇದೆ. ಉದ್ಯೋಗಗಳ ಲೋಕ ಹಾಗಲ್ಲ. ಅಂಧರಿಗೆ ಕುರ್ಚಿಗೆ ಬೆತ್ತ ಹೆಣೆಯುವುದು, ಸೀಮೆಸುಣ್ಣ ಮಾಡುವುದು, ದೂರವಾಣಿ ಆಪರೇಟರ್ ಕೆಲಸ, ಇವು ಬಹುಕಾಲ ಪಾಠದಂತೆ ಹೇಳಿಕೊಟ್ಟ ಉದ್ಯೋಗಗಳು. ಪ್ಲಾಸ್ಟಿಕ್ ಕುರ್ಚಿ ಬಂದು ಬೆತ್ತ ಮೂಲೆ ಸೇರಿತು. ನೇರವಾಗಿ ಕರೆ ಮಾಡುವ ವ್ಯವಸ್ಥೆ ಬಂದು ಆಪರೇಟರ್ ಹುದ್ದೆ ಕರಗಿತು. ಅದೇ ಹೊತ್ತಿಗೆ ಬೇರೊಂದು ಬಾಗಿಲು ತೆರೆಯುತ್ತಿತ್ತು. ಕಂಪ್ಯೂಟರ್ ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ 'ಜಾಸ್' ತಂತ್ರಾಂಶ 1989ರಲ್ಲೇ ಅಮೆರಿಕದಲ್ಲಿ ಬಂದಿತ್ತು. 2006ರಲ್ಲಿ ಇಬ್ಬರು ಅಂಧ ಆಸ್ಟ್ರೇಲಿಯನ್ನರು ಆರಂಭಿಸಿದ 'ಎನ್‌ವಿಡಿಎ' ಉಚಿತವಾಗಿಯೇ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ.

2009ರ ಸುಮಾರಿಗೆ ನನ್ನ ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬನ ದೃಷ್ಟಿ ಅಕ್ಷಿಪಟಲದ ಕಾಯಿಲೆಯಿಂದ ಕುಗ್ಗುತ್ತಾ ಬಂದಿತು. ಸಲಹೆ ಕೇಳಲು ಅವನನ್ನು ಒಂದು ಕೇಂದ್ರಕ್ಕೆ ಕರೆದುಕೊಂಡು ಹೋದೆ. ಸಲಹೆಗಾರರು ಸಜ್ಜನರು, ಪ್ರಮಾಣಪತ್ರ ಗೋಡೆಯ ಮೇಲಿತ್ತು, ಅದರ ಅವಧಿಯೂ ಮುಗಿದಿರಲಿಲ್ಲ. ಅವರು ಹೇಳಿದ್ದು ಎರಡು ದಾರಿ: ದೂರವಾಣಿ ಆಪರೇಟರ್ ತರಬೇತಿ, ಇಲ್ಲವೆ ಸಂಗೀತ. ತೆರೆ ಓದುವ ತಂತ್ರಾಂಶದ ಹೆಸರೇ ಬರಲಿಲ್ಲ. ನನ್ನ ತಪ್ಪನ್ನೂ ಮುಚ್ಚಿಡಬಾರದು. 'ಕಣ್ಣಿಲ್ಲದೆ ಪ್ರಯೋಗಾಲಯ ಹೇಗಪ್ಪಾ?' ಎಂದು ಅವನಿಗೆ ಮೊದಲು ಹೇಳಿದವನು ನಾನೇ. ನನ್ನ ಪಿಎಚ್.ಡಿ. ಪದವಿಗಂತೂ ನವೀಕರಣದ ಗೊಡವೆಯೇ ಇಲ್ಲವಲ್ಲ! ಮೂರು ವರ್ಷ ಕಳೆದ ಮೇಲೆ ಬಸ್ಸಿನಲ್ಲಿ ಪರಿಚಯವಾದ ಇನ್ನೊಬ್ಬ ಅಂಧ ಯುವಕನಿಂದ ಅವನು ಆ ತಂತ್ರಾಂಶದ ವಿಷಯ ತಿಳಿದುಕೊಂಡ. ಇಂದು ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಕಳೆದುಹೋದ ಆ ಮೂರು ವರ್ಷಗಳನ್ನು ಯಾವ ಅಂಕಪಟ್ಟಿಯಲ್ಲಿ ಬರೆಯೋಣ?

ಕಾನೂನೂ ಬದಲಾಗುತ್ತದೆ. 1995ರ ಅಧಿನಿಯಮ ಗುರುತಿಸಿದ್ದು 7 ಬಗೆಯ ಅಂಗವೈಕಲ್ಯಗಳನ್ನು. 2016ರ ಅಧಿನಿಯಮ ಗುರುತಿಸುವುದು 21. ಹಿಮೋಫೀಲಿಯ, ಕುಡಗೋಲು ಕಣ ರೋಗ, ಪಾರ್ಕಿನ್‌ಸನ್, ಕಲಿಕಾ ನ್ಯೂನತೆ, ಆಮ್ಲ ದಾಳಿಗೆ ಒಳಗಾದವರು, ಹೀಗೆ ಪಟ್ಟಿ ಬೆಳೆದಿದೆ. ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ಶೇ. 4ಕ್ಕೆ ಏರಿದೆ. ಹಳೆಯ ಪಠ್ಯ ಓದಿದ ಸಲಹೆಗಾರರು ಹಿಮೋಫೀಲಿಯ ಇರುವ ಯುವಕನಿಗೆ ಯಾವ ಯಂತ್ರದ ಮುಂದೆ ನಿಲ್ಲಲು ಹೇಳಬೇಕು, ಯಾವುದರ ಮುಂದೆ ಬೇಡ? ಅದನ್ನು ಹೊಸದಾಗಿ ಕಲಿಯಲೇಬೇಕು.

ಇಲ್ಲೊಂದು ವಿಚಿತ್ರವನ್ನು ಗಮನಿಸಿ. 2016ರ ಅಧಿನಿಯಮದ 33ನೆಯ ಪ್ರಕರಣದಂತೆ ಅಂಗವಿಕಲರಿಗೆ ಸೂಕ್ತವಾದ ಹುದ್ದೆಗಳ ಪಟ್ಟಿಯನ್ನು ಮೂರು ವರ್ಷಗಳಿಗೆ ಮೀರದ ಅವಧಿಯಲ್ಲಿ ಪರಿಶೀಲಿಸುತ್ತಿರಬೇಕು. ಉದ್ಯೋಗಗಳ ಬಗೆಗಿನ ಅರಿವು ಮೂರು ವರ್ಷಗಳಲ್ಲಿ ಹಳತಾಗುತ್ತದೆ ಎಂದು ಕಾನೂನೇ ಒಪ್ಪಿದಂತಾಯಿತು. ಆದರೆ ಆ ಪಟ್ಟಿಯನ್ನು ಬಳಸಿ ಸಲಹೆ ಕೊಡುವವರ ಮುದ್ರೆಗೆ ಐದು ವರ್ಷ! ಪಟ್ಟಿಯ ಕಥೆಯೂ ಅಷ್ಟಕ್ಕಷ್ಟೆ. 2013ರ ಜುಲೈ ತಿಂಗಳ ಪಟ್ಟಿಯ ನಂತರ ಕೇಂದ್ರ ಸರ್ಕಾರದ ಮುಂದಿನ ಪಟ್ಟಿ ಬಂದುದು 2021ರ ಜನವರಿಯಲ್ಲಿ. ಅದರಲ್ಲಿ 3566 ಹುದ್ದೆಗಳಿದ್ದವು.

ಹೊರಗಿನ ಅನುಭವ

ಅಮೆರಿಕದಲ್ಲಿ ಈ ವೃತ್ತಿಗೆ ದೀರ್ಘ ಇತಿಹಾಸವಿದೆ. ನಾಗರಿಕರ ವೃತ್ತಿ ಪುನರ್ವಸತಿಗೆ ಅಲ್ಲಿ 1920ರಲ್ಲೇ ಕಾನೂನು ಬಂದಿತು. 1970ರ ದಶಕದಿಂದ ಪುನರ್ವಸತಿ ಸಲಹೆಗಾರರಿಗೆ ಪ್ರತ್ಯೇಕ ಪ್ರಮಾಣೀಕರಣವಿದೆ. ವಿದ್ಯಾರ್ಹತೆಯ ಜೊತೆಗೆ ಸ್ವತಂತ್ರವಾದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ನಂತರ ಪ್ರತಿ ಐದು ವರ್ಷಕ್ಕೆ 100 ಗಂಟೆಗಳ ನಿರಂತರ ಶಿಕ್ಷಣ ಪಡೆಯಬೇಕು. ಅದರಲ್ಲಿ ಕನಿಷ್ಠ 10 ಗಂಟೆ ವೃತ್ತಿನೀತಿಗೆ ಮೀಸಲು. ಅಲ್ಲಿಯೂ ಗಂಟೆಯೇ ನಾಣ್ಯ. ಆದರೆ ಬಾಗಿಲಲ್ಲಿ ಒಂದು ಬಟ್ಟನ್ನಾದರೂ ಇಟ್ಟು ತೂಗುತ್ತಾರೆ.

ವಿದ್ಯಾರ್ಹತೆಯಿಂದ ನಿಜಕ್ಕೂ ವ್ಯತ್ಯಾಸವಾಗುತ್ತದೆಯೇ? ಎಡ್ನಾ ಶಿಮ್ಯಾನ್ಸ್ಕಿ ಮತ್ತು ಇತರರು 1980ರ ದಶಕದ ಕೊನೆ ಮತ್ತು 1990ರ ದಶಕದ ಆರಂಭದಲ್ಲಿ ಅಲ್ಲಿನ ಕೆಲವು ರಾಜ್ಯಗಳ ದಾಖಲೆಗಳನ್ನು ಪರಿಶೀಲಿಸಿದರು. ಪುನರ್ವಸತಿ ಸಲಹೆಯಲ್ಲಿ ಸ್ನಾತಕೋತ್ತರ ಪದವಿ ಪಡೆದವರ ಕೈಯಲ್ಲಿ ತೀವ್ರ ಅಂಗವೈಕಲ್ಯವಿದ್ದವರಿಗೆ ಹೆಚ್ಚು ಒಳ್ಳೆಯ ಫಲ ಸಿಕ್ಕಿತ್ತು. ಹೀಗಿದ್ದರೂ 2014ರ ಕಾನೂನಿನಲ್ಲಿ ಆ ಒತ್ತು ಸಡಿಲಗೊಂಡಿತು. ಪದವಿಯ ಜೊತೆ ಅನುಭವವಿದ್ದವರನ್ನೂ ಸರ್ಕಾರಿ ಕೇಂದ್ರಗಳು ನೇಮಿಸಿಕೊಳ್ಳಲು ಅವಕಾಶವಾಯಿತು.

ಹಾಗಾದರೆ ಫಲವನ್ನೇ ಅಳೆದರಾಯಿತು, ಎಷ್ಟು ಜನರಿಗೆ ಕೆಲಸ ಸಿಕ್ಕಿತೆಂದು ಎಣಿಸಿದರಾಯಿತು ಎಂದು ನೀವು ಹೇಳಬಹುದು. ಅದರಲ್ಲೂ ಅಪಾಯವಿದೆ. ಅಮೆರಿಕದ ಕೇಂದ್ರಗಳಲ್ಲಿ ಯಶಸ್ವಿಯಾಗಿ ಮುಗಿದ ಪ್ರಕರಣಕ್ಕೆ '26' ಎಂಬ ಸಂಕೇತಸಂಖ್ಯೆಯಿತ್ತು. ಸಲಹೆಗಾರರು 26ಗಳ ಬೆನ್ನು ಹತ್ತಿ, ಸುಲಭವಾಗಿ ಕೆಲಸ ಸಿಗುವವರನ್ನೇ ಆರಿಸಿಕೊಂಡು ಕಷ್ಟದವರನ್ನು ಬದಿಗೆ ಸರಿಸುತ್ತಾರೆ ಎಂಬ ಟೀಕೆ ಅಲ್ಲಿ ಹಳೆಯದು. ಅಂದರೆ ತಪ್ಪು ಅಳತೆ ಸುಮ್ಮನೆ ತಪ್ಪಾಗಿ ಉಳಿಯುವುದಿಲ್ಲ, ಅಳೆಯಲ್ಪಡುವ ಕೆಲಸವನ್ನೇ ಕೆಡಿಸುತ್ತದೆ.

ಏನು ಮಾಡಬಹುದು?

ಮೊದಲನೆಯದಾಗಿ, ಅಂಕಗಳ ಅರ್ಧಭಾಗವನ್ನಾದರೂ ಸಭಾಂಗಣದ ಹೊರಗೆ ಗಳಿಸುವಂತಿರಬೇಕು. ವೃತ್ತಿ ಸಲಹೆಗಾರರು ಒಂದು ಕಾರ್ಖಾನೆಗೆ, ಬ್ಯಾಂಕಿಗೆ, ನರ್ಸರಿಗೆ ಹೋಗಿ, ಒಂದು ಉದ್ಯೋಗವನ್ನು ಬಿಡಿಬಿಡಿಯಾಗಿ ವಿಶ್ಲೇಷಿಸಿ ಬರೆಯಲಿ: ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ತೂಕ ಎತ್ತಬೇಕು, ಕಣ್ಣು ಎಲ್ಲಿ ಬೇಕು, ಕಿವಿ ಎಲ್ಲಿ ಬೇಕು, ಯಾವುದನ್ನು ಸಾಧನದಿಂದ ತುಂಬಿಸಬಹುದು.

ಎರಡನೆಯದಾಗಿ, ನವೀಕರಣದ ಹೊತ್ತಿಗೆ ಹೆಸರುಗಳನ್ನು ಮರೆಮಾಡಿದ ಎರಡು ಪ್ರಕರಣಗಳ ವರದಿ ಕೇಳಬೇಕು. ಒಂದು ಗೆದ್ದದ್ದು, ಒಂದು ಸೋತದ್ದು. ಸಲಹೆ ಕೊಟ್ಟ ಒಂದು ವರ್ಷದ ನಂತರ ಆ ವ್ಯಕ್ತಿ ಎಲ್ಲಿದ್ದಾರೆ ಎಂಬುದು ಅದರಲ್ಲಿರಬೇಕು. ಎಲ್ಲರ ವರದಿಯನ್ನೂ ಓದುವುದು ಅಸಾಧ್ಯವಾದರೆ ಯಾದೃಚ್ಛಿಕವಾಗಿ ಆರಿಸಿ ಓದಲಿ. ಪ್ರಯೋಗಾಲಯದಲ್ಲಿ ನಾವು ಮಾಡುವುದೂ ಮಾದರಿ ಪರೀಕ್ಷೆಯನ್ನೇ. ಸೋತ ಪ್ರಕರಣವನ್ನು ಪ್ರಾಮಾಣಿಕವಾಗಿ ಬರೆದವರಿಗೆ ಅಂಕ ಕಡಿಮೆಯಾಗಬಾರದು. ದೋಷವನ್ನು ದಾಖಲಿಸದ ಪ್ರಯೋಗ ಪ್ರಯೋಗವೇ ಅಲ್ಲ.

ಮೂರನೆಯದಾಗಿ, ಕಲಿಸುವವರಲ್ಲಿ ಅಂಗವಿಕಲರೇ ಇರಬೇಕು. ನನ್ನ ವಿದ್ಯಾರ್ಥಿಗೆ ದಾರಿ ತೋರಿಸಿದ್ದು ಬಸ್ಸಿನಲ್ಲಿ ಸಿಕ್ಕ ಯುವಕ ಎಂಬುದನ್ನು ಮರೆಯಬಾರದು.

ನಾಲ್ಕನೆಯದು ನಮ್ಮ ರಾಜ್ಯಕ್ಕೆ ಸಂಬಂಧಿಸಿದ್ದು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಅಂಗವಿಕಲರನ್ನೇ ಗೌರವಧನದ ಮೇಲೆ ನೇಮಿಸುವ ಈ ಪದ್ಧತಿ ಶ್ಲಾಘನೀಯ. ಹಳ್ಳಿಯ ಅಂಗವಿಕಲ ಯುವತಿ ಮೊದಲು ಭೇಟಿಯಾಗುವುದು ಇವರನ್ನು, ನಗರದ ಪದವೀಧರ ಸಲಹೆಗಾರರನ್ನಲ್ಲ. ಇವರಿಗೆ ಸರಳ ಕನ್ನಡದಲ್ಲಿ ಪ್ರತಿ ವರ್ಷ ಹೊಸ ಕಾನೂನು, ಹೊಸ ಸಾಧನ, ಹೊಸ ಉದ್ಯೋಗಗಳ ಕೈಪಿಡಿ ಸಿಗಬೇಕು. ನಿರಂತರ ಶಿಕ್ಷಣ ಅತ್ಯಂತ ಅಗತ್ಯವಾಗಿರುವುದು ಇಲ್ಲಿಯೇ.

ಕೊನೆಯದಾಗಿ ಓದುಗರಾದ ನಿಮಗೊಂದು ಮಾತು. ನಿಮ್ಮ ಮನೆಯವರಿಗೋ ನೆರೆಯವರಿಗೋ ಇಂಥ ಸಲಹೆ ಬೇಕಾದರೆ, ಸಲಹೆಗಾರರ ನೋಂದಣಿ ಊರ್ಜಿತದಲ್ಲಿದೆಯೇ ಎಂದು ಖಂಡಿತ ನೋಡಿ. ಅಲ್ಲಿಗೇ ನಿಲ್ಲಬೇಡಿ. ಇನ್ನೂ ಮೂರು ಪ್ರಶ್ನೆ ಕೇಳಿ. ಇಂಥದೇ ತೊಂದರೆ ಇರುವವರು ಈಗ ಯಾವ ಯಾವ ಕೆಲಸದಲ್ಲಿದ್ದಾರೆ? ನೀವು ಈಚೆಗೆ ಕಂಡ ಹೊಸ ಸಾಧನ ಯಾವುದು? ಒಂದು ವರ್ಷದ ನಂತರ ನಮ್ಮನ್ನು ವಿಚಾರಿಸುತ್ತೀರಾ? ಈ ಮೂರು ಪ್ರಶ್ನೆಗಳು ನಿಮ್ಮ ಕೈಯಲ್ಲಿರುವ ಬಟ್ಟುಗಳು. ತಕ್ಕಡಿ ಒಳ್ಳೆಯದಾಗಿದ್ದರೆ ಅದಕ್ಕೆ ಬಟ್ಟುಗಳ ಭಯವಿರುವುದಿಲ್ಲ.