ಹೆಣ ಎಬ್ಬಿಸುವ ಹಳದಿ ಬಳ್ಳಿ

ಕಾಡಿನ ನಡುವೆ ಪಾಳುಗೋಡೆಯೊಂದಕ್ಕೆ ಬಳ್ಳಿ ಹಬ್ಬಿದೆ. ಎಲೆ ಕಡುಹಸಿರು, ಹೂವು ಹಳದಿ. ದೂರದಿಂದ ಕಂಡವರು ಸೀತಾಳೆಯ ಜಾತಿಯ ಹೂವೇ ಇರಬೇಕು ಅಂದುಕೊಳ್ಳುತ್ತಾರೆ. 30 ಅಡಿಯೊಳಗೆ ಕಾಲಿಟ್ಟರೆ ಆ ಹೂವುಗಳು ಘಮ್ಮೆಂದು ಕಸ್ತೂರಿಯ ವಾಸನೆ ಬಿಡುತ್ತವೆ. ವಾಸನೆಗೆ ಸೋತವನು ಜೊತೆಗಾರರ ಕೂಗನ್ನು ಕಿವಿಗೆ ಹಾಕಿಕೊಳ್ಳದೆ ನೇರ ಬಳ್ಳಿಯ ಬುಡಕ್ಕೆ ನಡೆದುಹೋಗುತ್ತಾನೆ. ಬಳ್ಳಿ ಅವನ ತಲೆಗೆ ಬೇರಿಳಿಸುತ್ತದೆ. ಅವನು ಸತ್ತ ಮೇಲೆ ಒಳಗೊಂದು ಗೆಡ್ಡೆ ಉಳಿಯುತ್ತದೆ. 24 ಗಂಟೆ ಕಳೆದರೆ ಹೆಣ ಎದ್ದು ನಿಲ್ಲುತ್ತದೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಇದರ ಹೆಸರು ಯೆಲ್ಲೊ ಮಸ್ಕ್ ಕ್ರೀಪರ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಈ ಆಟದ ಬಗ್ಗೆ ಇಲ್ಲಿ ಆಗಾಗ ಬರೆದಿದ್ದೇನೆ. ಹೊಸಬರಿಗಾಗಿ ಒಂದು ಮಾತು: ಡಂಜನ್ ಮಾಸ್ಟರ್ ಕಥೆಯ ಲೋಕವನ್ನು ಕಟ್ಟುತ್ತಾ ಹೋಗುತ್ತಾನೆ, ಮೇಜಿನ ಸುತ್ತ ಕೂತವರು ತಮ್ಮ ತಮ್ಮ ಪಾತ್ರದ ಬಾಯಲ್ಲಿ ಮಾತಾಡುತ್ತಾರೆ, ಸೋಲು ಗೆಲುವನ್ನು ದಾಳ ಹೇಳುತ್ತದೆ. ಐವತ್ತು ವರ್ಷಗಳಲ್ಲಿ ಈ ಆಟದ ಪುಸ್ತಕಗಳು ಹುಟ್ಟಿಸಿದ ಭೂತಪಿಶಾಚಿಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ನನಗೆ ತುಂಬ ಮೆಚ್ಚಿಗೆಯದ್ದು, ತುಂಬ ಜನ ಕೆಡಿಸಿ ಆಡುವುದು ಈ ಬಳ್ಳಿ.

ಇದು ಓದುಗರಿಗೆ ಪರಿಚಯವಾದದ್ದು 1981ರ ಫೀಂಡ್ ಫೋಲಿಯೊ ಪುಸ್ತಕದಲ್ಲಿ. ಇಂಗ್ಲೆಂಡಿನಲ್ಲಿ ಡಾನ್ ಟರ್ನ್‌ಬುಲ್ ಸಂಪಾದಿಸಿದ ಸಂಕಲನ ಅದು. ವೈಟ್ ಡ್ವಾರ್ಫ್ ಪತ್ರಿಕೆಗೆ ಓದುಗರು ಬರೆದು ಕಳಿಸಿದ ಪ್ರಾಣಿಗಳೇ ಅದರಲ್ಲಿ ಹೆಚ್ಚು. ಹಾಗಾಗಿ ಕಾಳೂ ಇದೆ, ಜೊಳ್ಳೂ ಇದೆ. ಒಮ್ಮೆ ಬೆಚ್ಚಿಬೀಳಿಸಿ ಮುಗಿದುಹೋಗುವ ಜೀವಿಗಳೇ ಪುಟಪುಟಕ್ಕೂ ಸಿಗುತ್ತವೆ. ಈ ಬಳ್ಳಿಯದು ಬೇರೆ ದರ್ಜೆ, ಯಾಕೆಂದರೆ ಇದಕ್ಕೊಂದು ಬಾಳುವೆ ಇದೆ. ಎದ್ದ ಹೆಣ ಕೆಲಕಾಲ ತಾಯಿಬಳ್ಳಿಯ ಕಾವಲಿಗೆ ನಿಲ್ಲುತ್ತದೆ. ಆಮೇಲೆ ಒಂದು ದಿನ ದಾರಿ ಹಿಡಿದು ದೂರ ಹೋಗಿ ಎಲ್ಲೋ ಬೀಳುತ್ತದೆ. ಬಿದ್ದ ಜಾಗದಲ್ಲಿ ತಲೆಯೊಳಗಿನ ಗೆಡ್ಡೆ ಚಿಗುರುತ್ತದೆ. ಅಲ್ಲಿಗೆ ಹೆಣ ಎಬ್ಬಿಸಿದ್ದು ಯಾಕೆ ಅಂತ ತಿಳಿಯುತ್ತದೆ. ಬಳ್ಳಿಗೆ ಯಾರ ಮೇಲೂ ಹಗೆಯಿಲ್ಲ. ಅದಕ್ಕೆ ಕಾಲಿಲ್ಲ, ಬೀಜ ದೂರ ಹೋಗಬೇಕು, ಅಷ್ಟೆ.

ನಮ್ಮ ಮಾವಿನ ಮರಗಳ ಮೇಲಿನ ಬಂದಳಿಕೆಯನ್ನು ನೋಡಿದವರಿಗೆ ಈ ಯೋಚನೆ ಹೊಸದಲ್ಲ. ಅದರ ಹಣ್ಣಿನೊಳಗೆ ಬೀಜಕ್ಕೆ ಅಂಟು ಸುತ್ತಿರುತ್ತದೆ. ಬೆರಳಲ್ಲಿ ಹಿಸುಕಿದರೆ ನೂಲಿನಂತೆ ಎಳೆಯೆಳೆಯಾಗಿ ಬರುತ್ತದೆ, ಕೊಡವಿದರೂ ಬಿಡುವುದಿಲ್ಲ. ತಿಂದ ಪುಟ್ಟ ಬದನಿಕೆ ಹಕ್ಕಿಗೂ ಅದೇ ಪಾಡು. ಹಿಕ್ಕೆಯಲ್ಲಿ ಬಂದ ಬೀಜ ಕೆಳಗೆ ಬೀಳದೆ ಮೈಗೇ ಅಂಟಿ ನಿಲ್ಲುವುದರಿಂದ ಹಕ್ಕಿ ಕೂತ ಕೊಂಬೆಗೇ ಅದನ್ನು ಉಜ್ಜಿ ಬಿಡಿಸಿಕೊಳ್ಳಬೇಕು. ಬಂದಳಿಕೆಗೆ ಬೇಕಾಗಿದ್ದೂ ಅದೇ. ಬೀಜ ಮೊಳೆತು ತೊಗಟೆಯನ್ನು ಕೊರೆದು, ಕೊಂಬೆಯ ನೀರು ಹೀರಲು ಶುರುಮಾಡುತ್ತದೆ. ಹಕ್ಕಿಯ ಹಸಿವು ಬಂದಳಿಕೆಗೆ ಕಾಲಾಗುತ್ತದೆ. ಫೀಂಡ್ ಫೋಲಿಯೊ ಆ ಹಕ್ಕಿಯ ಜಾಗದಲ್ಲಿ ಮನುಷ್ಯನನ್ನು ಇಟ್ಟಿತು. ಒಂದು ವ್ಯತ್ಯಾಸ ಮಾತ್ರ ದೊಡ್ಡದು: ಬಂದಳಿಕೆ ಬದುಕಬೇಕಾದರೆ ಮರ ಬದುಕಿರಬೇಕು, ಹಳದಿ ಬಳ್ಳಿಗೆ ಹೆಣವೂ ಸಾಕು.

ವಾಸನೆ ಬಿಟ್ಟು ಮನುಷ್ಯನನ್ನು ಕೆಡವುವ ಹೂವು ಇದಕ್ಕೂ ಹಿಂದಿನದು. ಎಚ್. ಜಿ. ವೆಲ್ಸ್ 1894ರಲ್ಲಿ ಬರೆದ ಸಣ್ಣಕಥೆಯೊಂದರಲ್ಲಿ, ಸಸ್ಯ ಹುಡುಕಲು ಹೋಗಿ ಸತ್ತವನೊಬ್ಬ ಅಂಡಮಾನಿನ ಕಡೆ ಸಂಗ್ರಹಿಸಿದ್ದ ಆರ್ಕಿಡ್ ಗೆಡ್ಡೆ ಇಂಗ್ಲೆಂಡಿನ ಗಾಜಿನ ಮನೆಯೊಂದರಲ್ಲಿ ಅರಳುತ್ತದೆ. ಅದರ ಗಂಧಕ್ಕೆ ಯಜಮಾನ ಮೂರ್ಛೆ ಹೋದಾಗ ಬಿಳಲುಗಳು ಜಿಗಣೆಗಳ ಹಾಗೆ ಅವನ ಕುತ್ತಿಗೆ ಹಿಡಿಯುತ್ತವೆ. ಗಂಧ, ಬಿಳಲು, ಹೀರುವಿಕೆ ಎಲ್ಲ ಅಲ್ಲೇ ಇವೆ. ಹೆಣ ಏಳುವುದೊಂದೇ ಬಾಕಿ ಇತ್ತು. ಈಚಿನವರಿಗೆ ದಿ ಲಾಸ್ಟ್ ಆಫ್ ಅಸ್ ಧಾರಾವಾಹಿ ನೆನಪಾಗಬಹುದು, ಆದರೆ ಅದರ ಬೇರು ಇರುವೆಗಳನ್ನು ಆಡಿಸುವ ನಿಜವಾದ ಶಿಲೀಂಧ್ರದಲ್ಲಿದೆ.

ಈಗ ಆಟದ ಮೇಜಿಗೆ ಬರೋಣ. ಈ ಹೆಣಗಳಿಗೆ ಪುಸ್ತಕ ಯೆಲ್ಲೊ ಮಸ್ಕ್ ಝಾಂಬಿ ಅನ್ನುತ್ತದೆ. ಹೆಸರಲ್ಲಿ ಝಾಂಬಿ ಇದ್ದರೂ ಐದನೇ ಆವೃತ್ತಿಯ ನಿಯಮದಲ್ಲಿ ಅದರ ವರ್ಗ ಪ್ರೇತದ್ದಲ್ಲ, ಸಸ್ಯದ್ದು. ಈ ಒಂದು ಪದದಲ್ಲಿ ಇಡೀ ಆಟ ಅಡಗಿದೆ. ಕ್ಲೆರಿಕ್, ಅಂದರೆ ದೇವರ ಹೆಸರಲ್ಲಿ ಪ್ರೇತಗಳನ್ನು ಓಡಿಸುವ ಪಾತ್ರ, ಇಲ್ಲಿ ಕೈಸೋಲುತ್ತದೆ. ನಮ್ಮ ಮೇಜಿನಲ್ಲಿ ಕ್ಲೆರಿಕ್ ಆಗಿ ಆಡುವ ಹುಡುಗಿ ಧೈರ್ಯವಾಗಿ ಮುಂದೆ ಬಂದು ತನ್ನ ದೇವರ ಚಿಹ್ನೆ ಎತ್ತಿ ಹಿಡಿದಳು. ಇಂಥ ಹೊತ್ತಿನಲ್ಲಿ ಪ್ರೇತ ತಡೆದು ನಿಲ್ಲುತ್ತದೋ ಓಡುತ್ತದೋ ಅಂತ ದಾಳ ಹಾಕಿ ನೋಡಬೇಕಾದವನು ನಾನು. ನಾನು ದಾಳ ಮುಟ್ಟಲಿಲ್ಲ. ಹೆಣಗಳು ಮುಂದೆ ಬಂದವು ಅಂದೆ. "ಸರ್, ನೀವು ದಾಳಾನೇ ಹಾಕ್ಲಿಲ್ಲ" ಅಂದಳು. "ಹಾಕೋದೇನಿಲ್ಲಮ್ಮ" ಅಂದೆ. ಮೇಜಿನ ಸುತ್ತ ಎಲ್ಲರ ಮುಖ ಬದಲಾಯಿತು. ಇವು ಸತ್ತವರ ಪ್ರೇತಗಳಲ್ಲ, ಬೇರೇನೋ ಅಂತ ಗೊತ್ತಾದ ಗಳಿಗೆ ಅದು. ಎಷ್ಟು ವರ್ಣನೆ ಮಾಡಿದ್ದರೂ ಆ ಭಯ ಹುಟ್ಟುತ್ತಿರಲಿಲ್ಲ.

ನಮ್ಮ ಕಥೆಗಳಲ್ಲಿ ಎದ್ದ ಹೆಣದ ಜೊತೆ ಒಂದು ಸಂಬಂಧ ಸಾಧ್ಯ. ಬೇತಾಳ ಹೊಕ್ಕ ಹೆಣ ವಿಕ್ರಮನ ಹೆಗಲೇರಿ ಕಥೆ ಹೇಳುತ್ತದೆ, ಪ್ರಶ್ನೆ ಕೇಳುತ್ತದೆ, ತಪ್ಪು ಒಪ್ಪು ತೂಗುತ್ತದೆ. ದೆವ್ವಕ್ಕಾದರೂ ತೀರದ ಆಸೆಯೊಂದು ಇರುತ್ತದೆ, ತೀರಿಸಿ ಕಳಿಸಬಹುದು. ಹಳದಿ ಬಳ್ಳಿ ಎಬ್ಬಿಸಿದ ಹೆಣದೊಳಗೆ ಯಾರೂ ಇಲ್ಲ. ಅದಕ್ಕೇ ಈ ಬಳ್ಳಿಯನ್ನು ಬರೀ ಹೊಡೆದಾಟದ ಸರಕಾಗಿ ಬಳಸುವ ಡಂಜನ್ ಮಾಸ್ಟರ್‌ಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಈ ಆಟದ 2017ರ ಟೂಮ್ ಆಫ್ ಅನೈಯಲೇಶನ್ ಸಾಹಸಕಥೆ ಇದನ್ನು ಚಲ್ಟ್ ಎಂಬ ಕಾಡುನಾಡಿನಲ್ಲಿ ನೆಟ್ಟದ್ದು ಒಳ್ಳೆಯ ಆಯ್ಕೆ. ಆ ಕಥೆಯಲ್ಲಿ ಲೋಕಕ್ಕೆಲ್ಲ ಸಾವಿನ ಶಾಪ ತಟ್ಟಿದೆ. ಸತ್ತವರನ್ನು ಬದುಕಿಸುವ ಮಂತ್ರಗಳು ಫಲಿಸುವುದಿಲ್ಲ, ಹಿಂದೆ ಹಾಗೆ ಬದುಕಿಬಂದವರೂ ದಿನದಿನಕ್ಕೆ ಸವೆಯುತ್ತಿದ್ದಾರೆ. ಯಾವ ಪುಣ್ಯಾತ್ಮನಿಂದಲೂ ಆಗದ ಕೆಲಸವನ್ನು ಅಂಥ ನಾಡಿನಲ್ಲಿ ಒಂದು ಬಳ್ಳಿ ಸಲೀಸಾಗಿ ಮಾಡುತ್ತಿದೆ. ಜೊತೆಗೆ ಚಲ್ಟ್‌ನಲ್ಲಿ ನಿಜವಾದ ಪ್ರೇತಗಳೂ ಗುಂಪುಗುಂಪಾಗಿ ಅಲೆಯುತ್ತವೆ. ಯಾವುದು ಯಾವುದೆಂದು ಗುರುತಿಸುವುದೇ ಆಟಗಾರರಿಗೆ ಪರೀಕ್ಷೆ.

ಆಡಿಸುವವರಿಗೆ ನನ್ನ ಸಲಹೆ: ಬಳ್ಳಿಯನ್ನು ಮೊದಲೇ ತೋರಿಸಬೇಡಿ. ಕಾವಲು ಬಿಟ್ಟು ಹೊರಟ ಒಂಟಿ ಹೆಣವೊಂದು ದಾರಿಯಲ್ಲಿ ಎದುರಾಗಲಿ. ಅದು ಇವರ ಮೇಲೆ ಬೀಳದೆ ತನ್ನ ಪಾಡಿಗೆ ನಡೆಯುತ್ತಿರಲಿ. ಗಾಳಿಯಲ್ಲಿ ಕಸ್ತೂರಿಯ ವಾಸನೆ ಇದ್ದೂ ಇಲ್ಲದಂತೆ ಇರಲಿ. ಬಳ್ಳಿ ಅಲುಗದೆ ನಿಂತಾಗ ಮಾಮೂಲಿ ಹೂಬಳ್ಳಿಯಿಂದ ಬೇರೆಯಾಗಿ ಕಾಣದು ಅನ್ನುವ ನಿಯಮವನ್ನು ಮರೆಯಬೇಡಿ.

ಮತ್ತೆ ಆ 24 ಗಂಟೆ. ಗೆಳೆಯನೊಬ್ಬ ಬಳ್ಳಿಯ ಕೈಗೆ ಸಿಕ್ಕಿ ಸತ್ತರೆ ಆಟಗಾರರಿಗೆ ಒಂದು ಹಗಲು, ಒಂದು ರಾತ್ರಿ ಸಿಗುತ್ತದೆ. ಅಷ್ಟರೊಳಗೆ ಶಾಪ ಕಳೆಯುವ ಮಂತ್ರ ಹಾಕಿದರೆ ತಲೆಯೊಳಗಿನ ಗೆಡ್ಡೆ ನಾಶವಾಗುತ್ತದೆ. ಮಂತ್ರ ಬಲ್ಲವರು ಗುಂಪಿನಲ್ಲಿ ಇಲ್ಲದಿದ್ದರೆ? ಹೆಣವನ್ನು ಹೊತ್ತು ಊರು ಸೇರಬೇಕೇ, ಅಲ್ಲೇ ಸುಡಬೇಕೇ, ತಲೆ ಒಡೆದು ಗೆಡ್ಡೆ ತೆಗೆಯಬೇಕೇ? ಈ ಮಾತುಕತೆ ನಡೆಯುವಾಗ ಡಂಜನ್ ಮಾಸ್ಟರ್ ಬಾಯಿ ಹಾಕಬಾರದು. ಗಡಿಯಾರ ಮಾತ್ರ ಮುಂದೆ ಸರಿಸುತ್ತಿರಬೇಕು. ಇಡೀ ಸಾಹಸದಲ್ಲಿ ನಾನು ಕಾಯುವುದು ಈ ಮಾತುಕತೆಗೇ.

ಕೊನೆಗೆ ಬಳ್ಳಿಯನ್ನು ಕೊಲ್ಲುವ ವಿಚಾರ. ಕಡಿದರೆ ಪ್ರಯೋಜನವಿಲ್ಲ, ಸರದಿ ಬಂದಾಗಲೆಲ್ಲ ಚಿಗುರಿಕೊಳ್ಳುತ್ತದೆ. ಬೆಂಕಿ ತಗುಲಿದರೆ ಆ ಚಿಗುರು ನಿಲ್ಲುತ್ತದೆ, ಹಾಗಾಗಿ ಎಣ್ಣೆ, ಪಂಜು ಹಿಡಿದು ಹೋದ ಗುಂಪಿಗೆ ಗೆಲುವು ಸುಲಭ. ಸುಟ್ಟು ಸಂಭ್ರಮಿಸಿ ಊರ ದಾರಿ ಹಿಡಿದವರಿಗೆ ಕಾವಲಿಗಿದ್ದ ಹೆಣಗಳನ್ನು ಎಣಿಸಿದಿರಾ ಅಂತ ಕೇಳಿ. ಹಿಂದೆ ಎಷ್ಟು ಹೆಣ ಹೊರಟುಹೋದವು, ಯಾವ ದಿಕ್ಕಿಗೆ ಹೋದವು ಅನ್ನುವುದನ್ನು ನೀವು ಮೊದಲೇ ನಕ್ಷೆಯಲ್ಲಿ ಗುರುತು ಹಾಕಿ ಇಟ್ಟುಕೊಂಡಿರಬೇಕು.