ಗುಳ್ಳೆಯ ಅಳತೆ

ಲೈಪೊಸೋಮ್ ಎಂದರೆ ಕೊಬ್ಬಿನ ಪೊರೆಯಿಂದಾದ ಅತಿ ಸಣ್ಣ ಗುಳ್ಳೆ. ಶಿಲೀಂಧ್ರನಾಶಕ ಆಂಫೊಟೆರಿಸಿನ್-ಬಿ 1950ರ ದಶಕದ ಔಷಧ. ಸಾದಾ ರೂಪದಲ್ಲಿ ಕೊಟ್ಟರೆ ಮೂತ್ರಪಿಂಡಕ್ಕೆ ಪೆಟ್ಟು. ಅದನ್ನೇ ನೂರು ನ್ಯಾನೊಮೀಟರಿಗಿಂತ ಚಿಕ್ಕ ಗುಳ್ಳೆಯ ಪೊರೆಯಲ್ಲಿ ಕೂರಿಸಿದರೆ ಪೆಟ್ಟು ಬಹಳಷ್ಟು ತಗ್ಗುತ್ತದೆ. 2021ರ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದಾಗ ಕರ್ನಾಟಕವೆಲ್ಲ ಹುಡುಕಿದ್ದು ಈ ಚುಚ್ಚುಮದ್ದನ್ನೇ. ಕೆ.ಜಿ.ಗೆ 5 ಮಿ.ಗ್ರಾಂ. ಲೆಕ್ಕ ಹಿಡಿದರೆ 60 ಕೆ.ಜಿ. ತೂಕದವರಿಗೆ ದಿನಕ್ಕೆ 50 ಮಿ.ಗ್ರಾಂ.ನ ಆರು ವಯಲ್, ಅದೂ ವಾರಗಟ್ಟಲೆ.

ಪ್ರಯೋಗಾಲಯದಲ್ಲಿ ಇದರ ತಯಾರಿಕೆ ಸರಳ. ಕೊಬ್ಬನ್ನು ಕರಗಿಸಿ, ತಿರುಗುವ ಗಾಜಿನ ಬುರುಡೆಯ ಒಳಗೋಡೆಗೆ ತೆಳುವಾಗಿ ಹಿಡಿಸಿ, ನೀರು ಹಾಕಿ ಅಲುಗಿಸಿದರೆ ಗುಳ್ಳೆ ಏಳುತ್ತವೆ. ನೂರು ಮಿ.ಲೀ.ಗೆ ಒಪ್ಪುವ ಈ ಉಪಾಯ ನೂರು ಲೀಟರಿಗೆ ಒಪ್ಪದು. ಕಾರ್ಖಾನೆಯಲ್ಲಿ ದ್ರವವನ್ನು ಭಾರಿ ಒತ್ತಡದಲ್ಲಿ ಕಿರಿದಾದ ಸಂದಿಯಿಂದ ಮತ್ತೆ ಮತ್ತೆ ನುಗ್ಗಿಸಿ ಗುಳ್ಳೆಗಳನ್ನು ಒಂದೇ ಅಳತೆಗೆ ತರಬೇಕು. ಕುದಿಸಿ ಶುದ್ಧಿ ಮಾಡುವಂತಿಲ್ಲ, ಪೊರೆ ಕೆಡುತ್ತದೆ, 0.22 ಮೈಕ್ರಾನ್ ಜಾಲರಿಯಲ್ಲಿ ಸೋಸಬೇಕು. ಕೊನೆಗೆ ಹೆಪ್ಪುಗಟ್ಟಿಸಿ ಒಣಗಿಸಬೇಕು, ಅದನ್ನು ಅವಸರಪಡಿಸಲಾಗದು.

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರಿಗೆ ದೊಡ್ಡ ಪ್ರಮಾಣದಲ್ಲಿ ಕದಡುವ ಈ ಕಷ್ಟ ಹೊಸದಲ್ಲ. ಒಣದ್ರಾಕ್ಷಿಗಾಗಿ ಗೊನೆಗಳನ್ನು ಅದ್ದುವ ನೀರಿನಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಜೊತೆ ಡಿಪ್ಪಿಂಗ್ ಆಯಿಲ್ ಎಂದು ಕರೆಯುವ ಈಥೈಲ್ ಓಲಿಯೇಟ್ ಇರುತ್ತದೆ. ಅದರ ಹನಿಗಳು ಸಿಪ್ಪೆಯ ಮೇಣವನ್ನು ಸಡಿಲಿಸಿದರೆ ಹಣ್ಣು ಬೇಗ ಒಣಗುತ್ತದೆ. ಬಕೀಟಿನಲ್ಲಿ ಸಲೀಸಾಗಿ ಬೆರೆಯುವ ಎಣ್ಣೆ ದೊಡ್ಡ ತೊಟ್ಟಿಯಲ್ಲಿ ಮೇಲಕ್ಕೆ ತೇಲುತ್ತದೆ. ಆದರೆ ಒಣದ್ರಾಕ್ಷಿಯನ್ನು ಆಮೇಲೆ ಬಣ್ಣ ನೋಡಿ ಆರಿಸಬಹುದು. ಕೆಟ್ಟ ಲೈಪೊಸೋಮ್ ಬ್ಯಾಚನ್ನು ಚೆಲ್ಲುವುದೊಂದೇ ದಾರಿ.

ಚೆಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷ್ಯವಿದೆ. ಒಂದೇ ಘಟಕಾಂಶಗಳ ಎರಡು ಆಂಫೊಟೆರಿಸಿನ್ ಲೈಪೊಸೋಮ್‌ಗಳನ್ನು ಇಲಿಗಳ ಮೇಲೆ ಹೋಲಿಸಿದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಇನ್ನೊಂದಕ್ಕಿಂತ ಬಹಳ ಹೆಚ್ಚು ವಿಷಕಾರಿಯಾಗಿತ್ತು. ಸಾಮಗ್ರಿ ಪಟ್ಟಿ ಒಂದೇ, ಔಷಧ ಬೇರೆ! ಔಷಧ ವಿಜ್ಞಾನದ ಸ್ನಾತಕೋತ್ತರ ಪ್ರಬಂಧಗಳ ದೊಡ್ಡ ಕೊರತೆ ಇಲ್ಲಿಯೇ: ಕಣದ ಗಾತ್ರದ ನಕ್ಷೆ ಬಂದೊಡನೆ ಬಹುಪಾಲು ಕೆಲಸ ಮುಗಿಯುತ್ತದೆ, ಹತ್ತನೆಯ ಬ್ಯಾಚ್ ಮೊದಲನೆಯದರಂತೆ ಬಂತೇ ಎಂದು ಕೇಳುವುದು ವಿರಳ.

ಕೇಂದ್ರ ಸರ್ಕಾರದ 2021ರ ಕ್ರಮವನ್ನೂ ತಯಾರಿಕೆಯ ಇದೇ ಅಳತೆಗೋಲಿನಿಂದ ನೋಡಬೇಕು. ಮೇ ತಿಂಗಳಲ್ಲಿ ಈ ಔಷಧ ತಯಾರಿಸಲು ಇನ್ನೂ ಐದು ಕಂಪನಿಗಳಿಗೆ ಪರವಾನಗಿ ದೊರೆಯಿತು, ಆಮದು ಏರಿತು, ಜೂನ್ 12ರಂದು ಜಿಎಸ್‌ಟಿ ಸೊನ್ನೆ ಮಾಡುವ ತೀರ್ಮಾನವಾಯಿತು. ನಿರ್ಧಾರ ಸರಿಯೇ. ಪರವಾನಗಿಗೆ ಒಂದು ಸಹಿ ಸಾಕು. ಒತ್ತುವ, ಸೋಸುವ, ಒಣಗಿಸುವ ಯಂತ್ರಗಳಿಗೆ ಸಹಿಯ ಅವಸರ ತಿಳಿಯದು. ಹಳ್ಳಿಯಿಂದ ವಿಜಯಪುರ ನಗರದ ಆಸ್ಪತ್ರೆಗೆ ಬಂದ ರೋಗಿಗೆ ವಯಲ್ ಬೇಕಿದ್ದದ್ದು ಮೇ ತಿಂಗಳಲ್ಲಿ. ಆ ಐದು ಕಂಪನಿಗಳ ಉತ್ಪಾದನೆಗೆ ಗೊತ್ತುಪಡಿಸಿದ್ದು ಜುಲೈ.