ನಾರು ನುಡಿದಾಗ

ಹೂವಿನ ಜೊತೆಗೆ ನಾರೂ ಸ್ವರ್ಗ ಸೇರಿತು ಎಂಬ ಗಾದೆಯಲ್ಲಿ ನಾರಿನ ಮೇಲೆ ನಮಗಿರುವ ತಾತ್ಸಾರ ಚೆನ್ನಾಗಿ ಕಾಣುತ್ತದೆ. ನಾರಿಗೆ ಸ್ವಂತ ಯೋಗ್ಯತೆಯಿಲ್ಲ, ಹೂವಿನ ಸಹವಾಸದಿಂದ ಅದಕ್ಕೊಂದು ಗತಿ ಸಿಕ್ಕಿತು ಎಂದು ಅದರ ಅರ್ಥ. ಈಗ ಹೂವಿನ ಹಂಗಿಲ್ಲದೆ ನಾರೇ ವಾದ್ಯವಾಗಿದೆ. ಅಗಸೆಯ ನಾರನ್ನು ರಾಳದಲ್ಲಿ ನೆನೆಸಿ, ಅಚ್ಚಿನಲ್ಲಿ ಒತ್ತಿ ಮಾಡಿದ ಪುಟ್ಟ ಪ್ರಯಾಣದ ಗಿಟಾರುಗಳು ಬಂದಿವೆ. ಅವುಗಳ ಗುಣದೋಷಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆನಿಸಿದೆ.

ಅಗಸೆ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಊಟದಲ್ಲಿ ಅಗಸೆ ಚಟ್ನಿಪುಡಿಗೆ ತಪ್ಪದ ಸ್ಥಾನವಿದೆ. ನಾವು ಬೆಳೆಯುವುದು ಬೀಜಕ್ಕಾಗಿ. ಫ್ರಾನ್ಸ್, ಬೆಲ್ಜಿಯಂಗಳ ಕರಾವಳಿಯಲ್ಲಿ ನಾರಿಗಾಗಿಯೇ ಬೆಳೆಯುವ ತಳಿ ಎತ್ತರವಾಗಿ, ಹೆಚ್ಚು ಕವಲೊಡೆಯದೆ ನಿಲ್ಲುತ್ತದೆ. ಅದನ್ನು ಕಿತ್ತು ಹೊಲದಲ್ಲೇ ಹರಡಿ, ಇಬ್ಬನಿಯಲ್ಲಿ ಕೊಳೆಯಿಸಿ ನಾರು ಬಿಡಿಸುತ್ತಾರೆ. ಲಿನನ್ ಬಟ್ಟೆಯಾಗುವುದೂ ಇದೇ ನಾರು.

ಚಿಕ್ಕ ಗಿಟಾರಿನ ಕಲ್ಪನೆ ಇದಕ್ಕಿಂತ ಹಳೆಯದು. ಅಮೆರಿಕದ ಮಾರ್ಟಿನ್ ಕಂಪನಿಯ ‘ಬ್ಯಾಕ್‌ಪ್ಯಾಕರ್’ ಮರದ್ದೇ. 1994ರಲ್ಲಿ ಅದು ಕೊಲಂಬಿಯಾ ನೌಕೆಯಲ್ಲಿ ಬಾಹ್ಯಾಕಾಶಕ್ಕೂ ಹೋಗಿ ಬಂತು. ಮರವನ್ನು ಬಿಡುವ ಪ್ರಯೋಗವೂ ಹಳೆಯದೇ. ಹೆಲಿಕಾಪ್ಟರ್ ತಯಾರಿಸುತ್ತಿದ್ದ ಚಾರ್ಲ್ಸ್ ಕಾಮನ್ 1960ರ ದಶಕದಲ್ಲಿ ‘ಒವೇಶನ್’ ಗಿಟಾರಿಗೆ ಗಾಜಿನ ನಾರಿನ ದುಂಡು ಬೆನ್ನು ಕೊಟ್ಟರು. ಆಮೇಲೆ ಇಂಗಾಲದ ನಾರು ಬಂತು. ಸ್ಯಾನ್ ಫ್ರಾನ್ಸಿಸ್ಕೋದ ‘ಬ್ಲ್ಯಾಕ್‌ಬರ್ಡ್’ ಸಂಸ್ಥೆ ಮೊದಲು ಇಂಗಾಲದ ನಾರಿನಲ್ಲಿ ‘ರೈಡರ್’ ಎಂಬ ಪುಟ್ಟ ಪ್ರಯಾಣದ ಗಿಟಾರ್ ಮಾಡಿತು. ಬಳಿಕ ಅಗಸೆ ನಾರಿಗೆ ಸಸ್ಯಮೂಲದ ರಾಳ ಕೂಡಿಸಿ, ಅದಕ್ಕೆ ‘ಎಕೋವಾ’ ಎಂದು ಹೆಸರಿಟ್ಟು, ‘ಎಲ್ ಕ್ಯಾಪಿಟನ್’ ಗಿಟಾರನ್ನೂ ‘ಕ್ಲಾರಾ’ ಎಂಬ ಉಕುಲೇಲೆಯನ್ನೂ ಅದರಲ್ಲಿ ತಯಾರಿಸಿತು.

ಇಂಥ ವಾದ್ಯವನ್ನು ಕಂಡ ಕೂಡಲೇ ‘ಇದು ಕೃತಕ’ ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ನಾನು ಕೇಳುವುದಿಷ್ಟು: ಮರವೆಂದರೇನು? ಸೆಲ್ಯುಲೋಸಿನ ನಾರುಗಳನ್ನು ಲಿಗ್ನಿನ್ ಎಂಬ ಅಂಟು ಹಿಡಿದಿಟ್ಟಿರುವುದೇ ಮರ. ಅಗಸೆಯ ಗಿಟಾರೂ ಅದೇ ಜಾತಿಯದು. ಅಲ್ಲಿ ನಾರನ್ನು ಮರ ತಾನೇ ಜೋಡಿಸಿಕೊಂಡಿದೆ, ಇಲ್ಲಿ ಮನುಷ್ಯ ಜೋಡಿಸಿದ್ದಾನೆ. ಜೋಡಣೆ ಎಷ್ಟು ಚೆನ್ನಾಗಿದೆ ಎಂಬುದೇ ವಿಮರ್ಶೆಯ ಪ್ರಶ್ನೆಯಾಗಬೇಕು.

ಈ ಪ್ರಶ್ನೆಗೂ ನಮ್ಮ ಕಾಡಿಗೂ ನಂಟಿದೆ. 1969ರ ಸುಮಾರಿಗೆ ಬ್ರೆಜಿಲಿನ ಮರ ಸಿಗುವುದು ಕಷ್ಟವಾದಾಗ ಮಾರ್ಟಿನ್ ಕಂಪನಿ ಭಾರತದ ಬೀಟೆಯತ್ತ ತಿರುಗಿತು. ಪಶ್ಚಿಮ ಘಟ್ಟಗಳಲ್ಲಿ ನಿಧಾನವಾಗಿ ಬಲಿಯುವ ಈ ಮರ ಅಂದಿನಿಂದ ಜಗತ್ತಿನ ಎಷ್ಟೋ ಗಿಟಾರುಗಳ ಬೆನ್ನು, ಪಕ್ಕೆಗಳಾಗಿದೆ. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲ ಅಂತರರಾಷ್ಟ್ರೀಯ ವನ್ಯಜೀವಿ ಒಪ್ಪಂದದ ಪಟ್ಟಿಗೆ ಸೇರಿದಾಗ, ಮಾರಾಟಕ್ಕಾಗಿ ಗಡಿ ದಾಟುವ ಗಿಟಾರುಗಳಿಗೂ ಪರವಾನಗಿ ಬೇಕಾಯಿತು. 2019ರಲ್ಲಿ ಸಿದ್ಧವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ವಿನಾಯಿತಿ ಸಿಕ್ಕಿದ್ದು ವಾದ್ಯಕ್ಕೇ ಹೊರತು, ಕಡಿದ ಮರ ಮತ್ತೆ ಬೇಗ ಬೆಳೆಯಲಿಲ್ಲ. ಬೀಟೆ ಬಲಿಯಲು ಹಲವು ದಶಕ ಬೇಕು. ಅಗಸೆಗೆ ಕೆಲವೇ ತಿಂಗಳು ಸಾಕು. ಅಗಸೆಯ ಪರವಾಗಿ ಇದಕ್ಕಿಂತ ದೊಡ್ಡ ವಾದ ಬೇಡ.

ಇನ್ನು ನಾದದ ಮಾತು. ನನ್ನ ತಂಗಿಯ ಮಗಳು ವಿದೇಶದಿಂದ ಬರುವಾಗ ಅಗಸೆ ನಾರಿನ ಒಂದು ಪುಟ್ಟ ಗಿಟಾರ್ ತಂದಿದ್ದಳು. ಮಲೆನಾಡಿನ ಆಷಾಢ, ಗೋಡೆಯೂ ಬೆವರುವ ಕಾಲ. ವಾದ್ಯವನ್ನು ಬೆಚ್ಚಗೆ ಮುಚ್ಚಿಡಬೇಡವೇ ಎಂದು ಕೇಳಿದ್ದಕ್ಕೆ, “ಒರೆಸಿಟ್ಟರೆ ಸಾಕು ದೊಡ್ಡಮ್ಮ” ಎಂದಳು. ಮೂರು ವಾರವಾದರೂ ಶ್ರುತಿ ಅಷ್ಟಾಗಿ ಕದಲಲಿಲ್ಲ. ಗಿಟಾರ್ ನುಡಿಸಲು ನನಗೆ ಬಾರದು. ನನ್ನ ಕಿವಿ ವೀಣೆಯ ಪಾಠದಲ್ಲಿ ಪಳಗಿದ್ದು. ಮಧ್ಯದ ತಂತಿಗಳು ಹಿತವಾಗಿ, ತುಸು ಮೆತ್ತಗೆ ನುಡಿದವು. ಇಂಗಾಲದ ನಾರಿಗಿಂತ ಅಗಸೆ ನಾರು ಕಂಪನವನ್ನು ಬೇಗ ಹೀರಿಕೊಳ್ಳುತ್ತದೆ. ಅದಕ್ಕೇ ಇರಬೇಕು, ಕರ್ಕಶತೆ ಇರಲಿಲ್ಲ.

ಆದರೆ ಮಂದ್ರದಲ್ಲಿ ಬಡತನ ಎದ್ದು ಕಂಡಿತು. ಗಿಟಾರಿನ ಅತಿ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ದೊಡ್ಡ ಗಿಟಾರಿನ ಒಡಲೊಳಗಿನ ಗಾಳಿ ಸುಮಾರು 100ರ ಆಸುಪಾಸಿನಲ್ಲಿ ಸ್ಪಂದಿಸುತ್ತದೆ. ಒಡಲು ಕಿರಿದಾದಷ್ಟೂ ಆ ಸಂಖ್ಯೆ ಮೇಲೇರಿ ಮಂದ್ರಕ್ಕೆ ಆಸರೆ ತಪ್ಪುತ್ತದೆ. ‘ರೈಡರ್’ ಮಾಡಿದವರು ಕತ್ತನ್ನೂ ಟೊಳ್ಳಾಗಿಸಿ ಒಳಗಿನ ಗಾಳಿಯನ್ನು ಹಿಗ್ಗಿಸಿದ್ದು ಜಾಣತನವೇ. ಆದರೂ ಗಾತ್ರ ಕೊಡದ್ದನ್ನು ನಾರು ಕೊಡಲಾರದು. ಚಿಕ್ಕ ವಾದ್ಯಕ್ಕೆ ದೊಡ್ಡ ದನಿಯಿದೆ ಎಂದು ಹೊಗಳುವವರನ್ನು ನಾನು ನಂಬುವುದಿಲ್ಲ.

ನನಗೆ ಒಪ್ಪದ ಇನ್ನೊಂದು ಮಾತು ‘ನೈಸರ್ಗಿಕ’ ಎಂಬ ವಿಶೇಷಣ. ನಾರು ನೈಸರ್ಗಿಕ, ಸರಿ. ರಾಳ? ಅದರ ಒಂದು ಪಾಲು ಸಸ್ಯದಿಂದ ಬಂದಿರಬಹುದು. ಆದರೆ ಎಪಾಕ್ಸಿ ಜಾತಿಯ ರಾಳ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು, ಮಣ್ಣಿಗೂ ಸುಲಭವಾಗಿ ಸೇರದು. ನಾರಿಗೂ ನೀರಿನ ಮೇಲೆ ಆಸೆಯುಂಟು. ಅದನ್ನು ಕಾಯುತ್ತಿರುವುದು ಈ ರಾಳವೇ. ಹಾಗಿರುವಾಗ ಹೊಗಳಿಕೆಯೆಲ್ಲ ನಾರಿಗೆ ಸಲ್ಲಿ, ರಾಳದ ಹೆಸರೇ ಬಾರದಿರುವುದು ನ್ಯಾಯವಲ್ಲ. ಮರದಂತೆ ಕಾಣಲೆಂದು ಕಂದು ಬಣ್ಣ ಬಳಿಯುವುದೂ ನನಗೆ ಸೇರದು. ಒಳ್ಳೆಯ ಲಿನನ್ ಬಟ್ಟೆ ರೇಷ್ಮೆಯ ವೇಷ ಹಾಕುವುದುಂಟೆ? ನೇಯ್ಗೆ ನೇಯ್ಗೆಯಾಗಿಯೇ ಕಾಣಲಿ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ನಮ್ಮ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಎರಡು ಮರದ ಗಿಟಾರ್ ಕೊಟ್ಟಿದ್ದರು. ಒಂದೇ ಮಳೆಗಾಲಕ್ಕೆ ಒಂದರ ಕುದುರೆ ಕಿತ್ತು ಬಂತು, ಇನ್ನೊಂದರ ಹಲಗೆ ಉಬ್ಬಿತು. ರಿಪೇರಿ ಮಾಡುವವರು ಹತ್ತಿರದಲ್ಲಿ ಇರಲಿಲ್ಲ. ಸಂಗೀತದ ಪೀರಿಯಡ್ಡು ಗಣಿತದ ಪಾಲಾಯಿತು. ಎರಡು ಬಸ್ಸು ಬದಲಿಸಿ ಬರುತ್ತಿದ್ದ ಒಬ್ಬ ಹುಡುಗಿ ಅಷ್ಟರಲ್ಲಿ ನಾಲ್ಕು ಹಾಡು ಕಲಿತಿದ್ದಳು, ಐದನೆಯದು ಬರಲೇ ಇಲ್ಲ. ಮಳೆಗೆ ಹೆದರದ, ಪುಟ್ಟ ಕೈಗೆ ಒಗ್ಗುವ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳಬಹುದಾದ ವಾದ್ಯ ನಿಜವಾಗಿ ಬೇಕಾಗಿರುವುದು ಇಂಥ ಮಕ್ಕಳಿಗೆ. ಆದರೆ ಸಾವಿರ ಡಾಲರು ಮೀರುವ ಬೆಲೆಯಲ್ಲಿ ಅದು ವಿಮಾನ ಹತ್ತುವವರ ಕೈಯಲ್ಲೇ ಉಳಿದಿದೆ.

ಅಗಸೆಯ ಗಿಟಾರಿನ ನಾದಕ್ಕೆ ನಾನು ಉತ್ತಮ ಅಂಕ ಕೊಡುತ್ತೇನೆ, ಬಾಳಿಕೆಗೆ ಇನ್ನೂ ಹೆಚ್ಚು. ಬೆಲೆಯ ಪತ್ರಿಕೆಯಲ್ಲಿ ಮಾತ್ರ ಅದು ನಪಾಸು. ಕತ್ತಾಳೆ, ಸೆಣಬು, ಪುಂಡಿಗಳ ನಾರು ತೆಗೆಯುವುದು ನಮ್ಮ ರೈತರಿಗೆ ಗೊತ್ತಿದೆ, ವಾದ್ಯ ಮಾಡುವುದು ನಮ್ಮ ಕುಶಲಕರ್ಮಿಗಳಿಗೆ ಗೊತ್ತಿದೆ. ಈ ಇಬ್ಬರನ್ನು ಒಂದೇ ಚಾವಣಿಯ ಕೆಳಗೆ ಕೂರಿಸುವವರು ಬೇಕಾಗಿದ್ದಾರೆ.